ಪುಟ್ಟಿ ಕೈ ತೊಳೆಯಲು ಒಲ್ಲೆ ಅಂದರೆ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ಕೈ ತೊಳಿ ಅಂದ ಕೂಡಲೇ ಪುಟ್ಟಿ ನೆಲದ ಮೇಲೆ ಹೊರಳಾಡುವುದು, ನೀನು ಎತ್ತಿಕೊಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿಯುವುದು, ಅವಳು ಬಿಕ್ಕುತ್ತಲೇ ತಟ್ಟೆ ಮುಂದೆ ಕೂರುವುದು. ದಿನಾ ಹೀಗಾದರೆ ಊಟವೂ ಮೈಗೆ ಹತ್ತುವುದಿಲ್ಲ ಮಾರಾಯ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲ, ಚಿಕ್ಕ ಮಕ್ಕಳಿರುವ ಬೇರೆಯವರಿಗೂ ಬೇಕಾದೀತು ಎಂದು ಇಲ್ಲೇ ಬರೆಯುತ್ತಿದ್ದೇನೆ.

ಮೂರು ವರ್ಷದ ಮಗುವಿನ ಹಟದ ಹಿಂದೆ ಏನೋ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಿದರೆ ಅರ್ಧ ಕೆಲಸ ಆದ ಹಾಗೆ. ನಿಮ್ಮ ವಾಶ್‌ಬೇಸಿನ್ ಮುಂದೆ ಒಮ್ಮೆ ಮಂಡಿಯೂರಿ ಕೂತು ನೋಡು. ಅದರ ಅಂಚು ಅವಳ ಎದೆಗೋ ಗಲ್ಲಕ್ಕೋ ಬರುತ್ತದೆ. ನಲ್ಲಿ ತಿರುಗಿಸಲು ಕೈ ಎಟುಕುವುದಿಲ್ಲ, ನೀರು ಎಲ್ಲಿಂದ ಬೀಳುತ್ತದೆ ಎಂದು ಕಾಣುವುದಿಲ್ಲ. ಎತ್ತಿ ಹಿಡಿದರೆ ಹೊಟ್ಟೆ ತಣ್ಣನೆಯ ಪಿಂಗಾಣಿಗೆ ಒತ್ತುತ್ತದೆ, ತೋಳಿನ ಬಟ್ಟೆಯೊಳಗೆ ನೀರು ಇಳಿದು ಮೊಣಕೈವರೆಗೆ ಒದ್ದೆ. ಇಷ್ಟಕ್ಕೆಲ್ಲ ಅವಳಿಗೆ ಮಾತು ಬರುವುದಿಲ್ಲ, 'ಬೇಡ' ಅನ್ನುವುದೊಂದು ಬರುತ್ತದೆ.

ಹಾಗಾಗಿ ಬೇಸಿನ್ ಸದ್ಯಕ್ಕೆ ಬಿಡು. ಬಚ್ಚಲಿನಲ್ಲಿ ಒಂದು ಮಣೆ ಹಾಕಿ ಕೂರಿಸು, ಪಕ್ಕದಲ್ಲಿ ಸಣ್ಣ ಬಕೆಟ್ಟು, ಅವಳ ಕೈಗೆ ಹಿಡಿಯುವಷ್ಟು ಚಿಕ್ಕ ಚೊಂಬು. ಅಂಗಿ ತೋಳು ಮೊದಲೇ ಮಡಚು. ಕೈ ಶುದ್ಧವಾಗುವುದಕ್ಕೆ ಬಿಸಿನೀರೇ ಆಗಬೇಕೆಂದಿಲ್ಲ, ಆದರೆ ಬೆಳಗಿನ ಚಳಿಗೆ ಉಗುರು ಬೆಚ್ಚಗಿನ ನೀರಿದ್ದರೆ ಮಗು ತಾನಾಗಿ ಬರುತ್ತದೆ. ಚಳಿಗಾಲದಲ್ಲಿ ಕೈ ಒಡೆದಿದ್ದರೆ ಸೋಪು ಉರಿಯುತ್ತದೆ, ಅದನ್ನೂ ನೋಡು. ತೊಳೆದು ಒರೆಸಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರು.

ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನವರಿಗೆ ನಾನು ಒಂದು ಆಟ ಆಡಿಸುತ್ತೇನೆ. ಅಂಗೈಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಚಿಟಿಕೆ ಕಾಫಿಪುಡಿ ಉದುರಿಸುವುದು. ಮೊದಲು ಬರೀ ನೀರು. ಪುಡಿ ರೇಖೆಗಳೊಳಗೆ, ಉಗುರಿನ ಸಂದಿಯಲ್ಲಿ ಹಾಗೇ ಕೂತಿರುತ್ತದೆ. ಆಮೇಲೆ ಸೋಪು ಹಾಕಿ ತಿಕ್ಕಿದರೆ ಕಂದು ನೊರೆಯಾಗಿ ಹರಿದುಹೋಗುತ್ತದೆ. ಕ್ರಿಮಿಗಳೂ ಕೈಯ ಜಿಡ್ಡಿಗೆ ಅಂಟಿಕೊಂಡೇ ಇರುತ್ತವೆ, ಸೋಪು ಆ ಜಿಡ್ಡನ್ನು ನೀರಿನ ಜೊತೆ ಎಳೆದೊಯ್ಯುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗದು. ಕಣ್ಣಾರೆ ಕಂಡರೆ ಬಿಸಿಯೂಟದ ಸಾಲಿನಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿದು ಪರೀಕ್ಷೆ ಮಾಡುತ್ತಾರೆ!

ಇಪ್ಪತ್ತು ಸೆಕೆಂಡು ತಿಕ್ಕಬೇಕು ಅನ್ನುತ್ತಾರಲ್ಲ, ಅದನ್ನು ಪುಟ್ಟಿಗೆ ಲೆಕ್ಕ ಹೇಳಿ ಮಾಡಿಸಬೇಡ. ಬೆರಳುಗಳಿಗೆ ಸ್ನಾನ ಮಾಡಿಸುವ ಆಟ ಆಡು. ಹೆಬ್ಬೆರಳಿಗೆ ಸ್ನಾನ ಆಯ್ತಾ? ತೋರುಬೆರಳಿನ ಬೆನ್ನು ತಿಕ್ಕಿದೆಯಾ? ಕಿರುಬೆರಳು ಪಾಪ, ಮೂಲೆಯಲ್ಲಿ ಕಾಯ್ತಾ ಇದೆ. ಹತ್ತೂ ಬೆರಳಿಗೆ ಮೀಯಿಸುವಷ್ಟರಲ್ಲಿ ಇಪ್ಪತ್ತು ಸೆಕೆಂಡು ದಾಟಿರುತ್ತದೆ. ಎಲ್ಲರೂ ಮರೆಯುವ ಹೆಬ್ಬೆರಳು, ಬೆರಳ ಸಂದಿ, ಅಂಗೈ ಹಿಂಬದಿ, ಎಲ್ಲವೂ ಆಗಿರುತ್ತದೆ.

ಕರೆಯುವ ರೀತಿಯೂ ಮುಖ್ಯ. 'ಕೈ ತೊಳಿತೀಯಾ?' ಅಂದರೆ 'ಇಲ್ಲ' ಅನ್ನಲು ನೀನೇ ಬಾಗಿಲು ತೆಗೆದಂತೆ. 'ಚೊಂಬು ನೀನು ಹಿಡ್ಕೋತೀಯೋ, ನಾನು ಹಿಡ್ಕೊಳ್ಳಲೋ?' ಅಂತ ಕೇಳು. ಆಟದ ನಡುವೆ ದಿಢೀರನೆ ಎಬ್ಬಿಸಬೇಡ, 'ಈ ಗೊಂಬೆಗೆ ಅಂಗಿ ಹಾಕಿ ಮುಗಿಸು, ಆಮೇಲೆ ಬಚ್ಚಲು' ಅಂತ ಮುಂಚೆಯೇ ಹೇಳಿಡು. ಗೊಂಬೆಯೂ ಜೊತೆಗೆ ಬರಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಹೆದರಿಸಬೇಡ. 'ಹೊಟ್ಟೆಯಲ್ಲಿ ಹುಳ ಆಗುತ್ತೆ, ಡಾಕ್ಟರು ಸೂಜಿ ಚುಚ್ತಾರೆ' ಎಂದು ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಹೇಳುತ್ತಾರೆ. ಹಾಗೆ ಬೆಳೆದ ಮಗು ಮುಂದೆ ಲಸಿಕೆಗೆ ಕರೆದೊಯ್ದಾಗ ಆಸ್ಪತ್ರೆ ಬಾಗಿಲಲ್ಲೇ ಚೀರುತ್ತದೆ. ಶಿಕ್ಷೆ ಎಂದು ಹೆಸರು ಕೊಟ್ಟ ಸೂಜಿಯನ್ನು ಅದು ಹೇಗೆ ನಂಬೀತು?

ಹುಳದ ಮಾತು ದೊಡ್ಡವರಿಗೆ ಇರಲಿ. ಉಗುರಿನ ಕೆಳಗೆ ಸೇರುವ ಜಂತುಹುಳುವಿನ ಮೊಟ್ಟೆಗಳು ಮಗು ಬಾಯಿಗೆ ಬೆರಳಿಟ್ಟಾಗ ಒಳಗೆ ಹೋಗುತ್ತವೆ. ವಾರಕ್ಕೊಮ್ಮೆ ಉಗುರು ಕತ್ತರಿಸು. ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನದ ಹೊತ್ತಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡ. ಸ್ಯಾನಿಟೈಸರನ್ನೇ ನೆಚ್ಚಿಕೊಳ್ಳಬೇಡ. ಮಣ್ಣು ಜಿಡ್ಡು ಮೆತ್ತಿದ ಕೈಗೆ ಅದು ನಾಟುವುದಿಲ್ಲ, ಈ ಮೊಟ್ಟೆಗಳು ಅದಕ್ಕೆ ಸಾಯುವುದೂ ಇಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಿದರೆ ಕರಾಚಿಯ ಸಂಗತಿ ಕೇಳು. ಅಲ್ಲಿನ ಬಡ ಬಡಾವಣೆಗಳಲ್ಲಿ ಮನೆಮನೆಗೆ ಸೋಪು ಕೊಟ್ಟು, ಕೈ ತೊಳೆಯುವ ರೂಢಿ ಮಾಡಿಸಿದರು. ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸೋಪು ಕೊಡದ ಕಡೆಗೆ ಹೋಲಿಸಿದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು, 15 ವರ್ಷದೊಳಗಿನವರಲ್ಲಿ ಭೇದಿ ಶೇ. 53ರಷ್ಟು ಕಡಿಮೆಯಾಗಿತ್ತು. ಸಾದಾ ಸೋಪಿಗೂ ಕ್ರಿಮಿನಾಶಕ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದುಬಾರಿ ಬಾಟಲಿ ಬೇಡ. ಅವಳಿಗೆ ಹಿಡಿಸುವ ವಾಸನೆಯ ಸೋಪನ್ನು ಅಂಗಡಿಯಲ್ಲಿ ಅವಳೇ ಆರಿಸಲಿ, ಪುಟ್ಟ ಕೈಗೆ ಜಾರದಂತೆ ತುಂಡು ಮಾಡಿ ಕೊಡು.

ಇನ್ನು ನೀನು. ಹೆಚ್ಚಿನ ಮನೆಗಳಲ್ಲಿ ಊಟವಾದ ಮೇಲೆ ತುಪ್ಪದ ಜಿಡ್ಡು, ಸಾರಿನ ವಾಸನೆ ಹೋಗುವವರೆಗೂ ಸೋಪು ಹಾಕಿ ತೊಳೆಯುತ್ತಾರೆ. ಊಟಕ್ಕೆ ಮುಂಚೆ ಬಲಗೈ ಬೆರಳ ತುದಿಗೆ ನಾಲ್ಕು ಹನಿ ಸೋಕಿಸಿ ಲುಂಗಿಗೆ ಒರೆಸಿ ಕೂರುತ್ತಾರೆ. ಅನ್ನ ಕಲೆಸಿ ತುತ್ತು ಮಾಡಿ ತಿನ್ನುವ ನಮಗೆ ಮೊದಲಿನ ತೊಳೆತವೇ ಮುಖ್ಯ, ಅದೂ ಎರಡೂ ಕೈ. ಪುಟ್ಟಿ ನೋಡುತ್ತಿರುತ್ತಾಳೆ. ಅವಳ ಪಕ್ಕದಲ್ಲೇ ಇನ್ನೊಂದು ಮಣೆ ಹಾಕಿ ನೀನೂ ಕೂರು. ಅವಳು ನಿನ್ನ ಕೈಗೆ ನೀರು ಹೊಯ್ಯಲಿ, ನೀನು ಅವಳ ಕೈಗೆ. ನೆಲವೆಲ್ಲ ಒದ್ದೆಯಾಗುತ್ತದೆ, ಜಾರದಂತೆ ಒಂದು ಗೋಣಿ ಹಾಸಿಡು.

ಬೇಸಿಗೆ ರಜಕ್ಕೆ ಅವಳನ್ನು ಕರೆದುಕೊಂಡು ಬಾ. ಶಾಲೆಯ ಅಂಗಳದಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು ಕೋಲಿಗೆ ತೂಗುಹಾಕಿ, ಕಾಲಲ್ಲಿ ಕಡ್ಡಿ ಮೆಟ್ಟಿದರೆ ಬಾಗಿ ನೀರು ಸುರಿಯುವ ಹಾಗೆ ಹಗ್ಗ ಕಟ್ಟಿದ್ದೇವೆ. ಅವಳಿಗೆ ಎಟುಕುವ ಎತ್ತರಕ್ಕೆ ಇಳಿಸಿಡುತ್ತೇನೆ. ಯಾವ ವಾರ ಬರುತ್ತೀರೆಂದು ಮೊದಲೇ ತಿಳಿಸು.

ನಿನ್ನ,
ಊರಿನ ಗೆಳೆಯ