ಪಿಎಫ್ ಮುಟ್ಟಬೇಡ ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು, "ಅಪ್ಪಾ, ನನ್ನ ಪಿಎಫ್ ತೆಗೆದು ಬ್ಯಾಂಕಿನವರ ಮುಖಕ್ಕೆ ಬಿಸಾಕ್ತೀನಿ, ಆ ವಸೂಲಿ ಮನುಷ್ಯ ಇನ್ನೊಂದು ಸಲ ಫೋನ್ ಮಾಡಬಾರದು" ಅಂದೆ. ನಾನು "ನೋಡೋಣ ಬಿಡು" ಅಂತ ಹೇಳಿ ಇಟ್ಟುಬಿಟ್ಟೆ. ಬೇಡ ಅಂತಲೇ ಹೇಳಬೇಕಿತ್ತು. ಪಕ್ಕದಲ್ಲಿ ನಿನ್ನ ಅಮ್ಮ ಬಟ್ಟೆ ಮಡಿಸುತ್ತಾ ಕೂತಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಇಲ್ಲಿ ಆ ಕಾಟವಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಿವೃತ್ತಿಗೆ ಎರಡು ವರ್ಷ ಇದ್ದಾಗ, ನಿನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಶಾಲೆ ಮೈದಾನ ಸುತ್ತಿಸುತ್ತಿದ್ದರಲ್ಲ, ಆ ಮೇಷ್ಟ್ರು ಒಂದು ಸಂಜೆ ಬಂದು "ಒಂದು ಸಹಿ ಅಷ್ಟೇ" ಅಂದರು. 6 ಲಕ್ಷದ ಸಾಲ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಜಾಮೀನು ಅಂದರೆ ಮದುವೆಗೆ ಸಾಕ್ಷಿ ಹಾಕಿದ ಹಾಗೆ ಅಂದುಕೊಂಡಿದ್ದೆ! 1872ರ ಕರಾರು ಕಾಯಿದೆಯ 128ನೇ ಕಲಂ ಏನು ಹೇಳುತ್ತದೆ ಅಂತ ಈಗ ಬಾಯಿಪಾಠವಾಗಿದೆ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವರ ಹತ್ತಿರ ವಸೂಲಿ ಮಾಡಿ, ಆಗದಿದ್ದರೆ ಮಾತ್ರ ನನ್ನ ಹತ್ತಿರ ಬನ್ನಿ ಅನ್ನುವ ಹಾಗೂ ಇಲ್ಲ. ಅವರು ತೀರಿಕೊಂಡರು, ಕಂತು ನಿಂತಿತು, ಬ್ಯಾಂಕಿನವರು ನೇರ ನಮ್ಮ ಗೇಟಿಗೆ ಬಂದರು.

ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಯುಗಾದಿ ಹೊತ್ತಿಗೆ ನಾನು ನಿನ್ನ ಹತ್ತಿರ 10,000 ರೂಪಾಯಿ ಕೇಳಿದ್ದು ನೆನಪಿದೆಯಾ? ಆ ತಿಂಗಳು ಪಿಂಚಣಿ ಖಾತೆಗೆ ಬಂದಿತ್ತು, ತೆಗೆಯಲು ಬರುತ್ತಿರಲಿಲ್ಲ. ಸಾಲ ಕೊಟ್ಟ ಬ್ಯಾಂಕಿನಲ್ಲೇ ನನ್ನ ಪಿಂಚಣಿ ಖಾತೆಯೂ ಇತ್ತು, ಅವರು ಅದರ ಮೇಲೆ ಹೋಲ್ಡ್ ಹಾಕಿದ್ದರು. ಕೇಳಿದರೆ "ಸಿಸ್ಟಮ್ಮಿನಲ್ಲೇ ಆಗಿದೆ ಸರ್, ನಮ್ಮ ಕೈಯಲ್ಲಿಲ್ಲ" ಅನ್ನುವ ಉತ್ತರ. ಅಮ್ಮನಿಗೆ, ಸರ್ಕಾರದಿಂದಲೇ ತಡವಾಗಿದೆ ಅಂತ ಹೇಳಿ ಅವಳ ಬಿಪಿ ಮಾತ್ರೆಯನ್ನು ಸಾಲಕ್ಕೆ ತಂದೆ. ಹತ್ತೊಂಬತ್ತು ದಿನ ಹೀಗೇ ನಡೆಯಿತು. ಆ ಹತ್ತೊಂಬತ್ತು ದಿನವೂ ನಾನು ಬ್ಯಾಂಕಿನವರು ಮಾಡಿದ್ದೇ ಸರಿಯಿರಬೇಕು, ಸಹಿ ಮಾಡಿದವನು ನಾನಲ್ಲವೇ ಅಂದುಕೊಂಡೇ ಇದ್ದೆ. ಸಾಲದಲ್ಲಿ ಸಿಕ್ಕಿದವನಿಗೆ ಮೊದಲು ಹೋಗುವುದು ಪ್ರಶ್ನೆ ಕೇಳುವ ಬಾಯಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೋರ್ಟಿನಲ್ಲಿ ವಕೀಲ. ಅವನ ಹತ್ತಿರ ಹೋದೆ. (ಹತ್ತನೇ ತರಗತಿಯಲ್ಲಿ ನನ್ನ ಕೈಯಲ್ಲಿ ಏಟು ತಿಂದವನು, ಫೀಸು ತೆಗೆದುಕೊಳ್ಳಲಿಲ್ಲ.) ಅವನು ಒಂದು ಹಳೇ ಪುಸ್ತಕ ಬಿಡಿಸಿ ತೋರಿಸಿದ. 1871ರ ಪಿಂಚಣಿ ಕಾಯಿದೆ, ವಿಕ್ಟೋರಿಯಾ ರಾಣಿಯ ಕಾಲದ್ದು. ಅದರ 11ನೇ ಕಲಮಿನ ಪ್ರಕಾರ ಸರ್ಕಾರ ಕೊಡುವ ಪಿಂಚಣಿಯನ್ನು ಸಾಲ ಕೊಟ್ಟವರು ಕೋರ್ಟಿನ ಮೂಲಕವೂ ಜಪ್ತಿ ಮಾಡಿಸುವಂತಿಲ್ಲ. 12ನೇ ಕಲಂ ಇನ್ನೂ ಸೊಗಸಾಗಿದೆ: ಮುಂದೆ ಬರುವ ಪಿಂಚಣಿಯನ್ನು ಯಾರಿಗಾದರೂ ಮೊದಲೇ ಬರೆದುಕೊಟ್ಟರೆ ಆ ಬರಹವೇ ಅಸಿಂಧು. ಬಡ್ಡಿ ವ್ಯಾಪಾರಿಯ ಮುಂದೆ ಮುದುಕರು ಯಾವ ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ ಅಂತ ಆಗಲೇ ಗೊತ್ತಿತ್ತು ನೋಡು.

ಆಮೇಲೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, 60ನೇ ಕಲಂ. ಕೋರ್ಟ್ ಡಿಕ್ರಿ, ಅಂದರೆ ಹಣ ಕಟ್ಟು ಅನ್ನುವ ತೀರ್ಪು ಆದಮೇಲೂ ಯಾವುದನ್ನು ಜಪ್ತಿ ಮಾಡಬಾರದು ಅನ್ನುವ ಪಟ್ಟಿ ಅಲ್ಲಿದೆ. ಅದನ್ನು ಓದುತ್ತಾ ನನಗೆ ಗಂಟಲು ಕಟ್ಟಿತು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಒಡವೆ, ಕಸುಬುದಾರನ ಉಪಕರಣ, ರೈತನ ನೇಗಿಲು, ದನ, ಬಿತ್ತನೆ ಬೀಜ, ಕೂಲಿಯವರ ಕೂಲಿ, ಪಿಂಚಣಿ, ಗ್ರಾಚ್ಯುಟಿ, ಪಿಎಫ್, ಜೀವವಿಮೆಯಿಂದ ಬರುವ ಹಣ. ಬರಿಯ ಕಾನೂನಿನ ಪಟ್ಟಿ, ಆದರೆ ಒಂದು ಮನೆಯ ಒಳಗೆ ಕಣ್ಣಾಡಿಸಿ ಬರೆದ ಹಾಗಿದೆ.

ಅದೇ ಕಲಮಿಗೆ 1976ರಲ್ಲಿ ಇನ್ನೊಂದು ಮಾತು ಸೇರಿಸಿದರು. ಈ ರಕ್ಷಣೆ ನನಗೆ ಬೇಡ ಅಂತ ಸಾಲಗಾರನೇ ಒಪ್ಪಿ ಬರೆದುಕೊಟ್ಟಿದ್ದರೂ ಆ ಒಪ್ಪಂದ ನಡೆಯುವುದಿಲ್ಲ. ನಾನು ಜಾಮೀನು ಪತ್ರದಲ್ಲಿ ಕಣ್ಣು ಮುಚ್ಚಿ ಎಷ್ಟು ಕಡೆ ಸಹಿ ಹಾಕಿದ್ದೆನೋ ದೇವರಿಗೇ ಗೊತ್ತು. ಇದೊಂದು ಸಾಲು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎರಡು ಪುಟದ ಅರ್ಜಿ ಬರೆದು ಸ್ವೀಕೃತಿಗೆ ಸೀಲು ಹಾಕಿಸಿಕೊಂಡೆ. ಕಲಮುಗಳನ್ನು ಬರೆದೆ, ಜೊತೆಗೆ ಸುಪ್ರೀಂ ಕೋರ್ಟಿನ 2008ರ ಒಂದು ತೀರ್ಪನ್ನೂ ಹಚ್ಚಿದೆ. ಆ ಪ್ರಕರಣದಲ್ಲೂ ವಸೂಲಿಗೆ ಬಂದದ್ದು ಬ್ಯಾಂಕೇ. ನಿವೃತ್ತಿಯ ಹಣವನ್ನು ಒಬ್ಬರು ಠೇವಣಿ ಇಟ್ಟಿದ್ದರು, ಅದರ ಮೇಲೆ ಬ್ಯಾಂಕಿನ ಕಣ್ಣು ಬಿತ್ತು. ಪಿಂಚಣಿ, ಗ್ರಾಚ್ಯುಟಿ ಕೈಗೆ ಬಂದು ಠೇವಣಿಯಾದ ಮಾತ್ರಕ್ಕೆ ಅದರ ಗುಣ ಕಳೆದುಕೊಳ್ಳುವುದಿಲ್ಲ, ರಕ್ಷಣೆ ಮುಂದುವರಿಯುತ್ತದೆ ಅಂತ ಕೋರ್ಟ್ ಹೇಳಿತು. ಅರ್ಜಿ ಕೊಟ್ಟ ಐದನೇ ದಿನ ಹೋಲ್ಡ್ ಹೋಯಿತು. ಕ್ಷಮೆ ಕೇಳಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಮಾರನೇ ವಾರವೇ ಪಿಂಚಣಿಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಿಕೊಂಡೆ. ಈ ಹೊಸ ಖಾತೆಗೆ ಪಿಂಚಣಿ ಬಿಟ್ಟು ಇನ್ನೊಂದು ಪೈಸೆ ಬರುವುದಿಲ್ಲ. ಟ್ಯೂಷನ್ ಹಣ, ಹಿಂದಿನ ಕೋಣೆಯ ಬಾಡಿಗೆ ಎಲ್ಲ ಬೇರೆ ಖಾತೆಗೆ. ಎಲ್ಲ ಒಂದೇ ಕೊಡದಲ್ಲಿ ಸುರಿದರೆ ಯಾವುದು ಹಾಲು ಯಾವುದು ನೀರು ಅಂತ ನಾಳೆ ಕೋರ್ಟಿನಲ್ಲಿ ತೋರಿಸುವುದು ಹೇಗೆ?

ಈಗ ನಿನ್ನ ವಿಷಯ.

ನಿನ್ನ ಪಿಎಫ್‌ಗೆ 1952ರಲ್ಲಿ ಕಾನೂನು ಮಾಡಿದಾಗಲೇ, ಅದನ್ನು ಯಾರಿಗೂ ಬರೆದುಕೊಡುವಂತಿಲ್ಲ, ಯಾವ ಸಾಲಕ್ಕೂ ಜಪ್ತಿ ಮಾಡುವಂತಿಲ್ಲ ಅಂತ ಬೇಲಿ ಹಾಕಿದರು. ನೀನು ಏನು ಮಾಡಹೊರಟಿದ್ದೀಯ ಗೊತ್ತಾ? ಕೋರ್ಟೂ ದಾಟಲಾಗದ ಬೇಲಿಯನ್ನು ಒಳಗಿನಿಂದ ನೀನೇ ತೆಗೆದುಕೊಡುತ್ತಿದ್ದೀಯ. 1976ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪೊಂದಿದೆ. ಸರ್ಕಾರಿ ನೌಕರನೊಬ್ಬನ ಪಿಎಫ್ ಮೇಲೆ ಚೀಟಿ ಕಂಪನಿಯೊಂದು ಕೈ ಹಾಕಿತ್ತು. ಹಣ ನೌಕರನ ಕೈ ಸೇರುವವರೆಗೂ ಮುಟ್ಟುವಂತಿಲ್ಲ ಅಂದರು. ಕೈ ಸೇರಿದ ಮೇಲೆ? ಆ ತೀರ್ಪನ್ನೂ 2008ರದನ್ನೂ ಪಕ್ಕಪಕ್ಕ ಇಟ್ಟುಕೊಂಡು ವಕೀಲರು ಗಂಟೆಗಟ್ಟಲೆ ವಾದ ಮಾಡಬಹುದು. ಆ ವಾದಕ್ಕೆ ನಾವು ದುಡ್ಡು ಕೊಡುವುದು ಯಾಕೆ? ಇದ್ದಲ್ಲೇ ಇರಲಿ. ಅಲ್ಲದೆ ಪಿಎಫ್ ಜೊತೆಗಿನ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ನಿನ್ನದು ಎಂಟು.

ಇದೆಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಈ ಸಾಲಕ್ಕೂ ನಿನಗೂ ಸಂಬಂಧವೇ ಇಲ್ಲ. ಆ ಮನುಷ್ಯ ನಿನಗೆ "ಮಗಳಾಗಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಅಪ್ಪನ ಕೇಸು ಹಗುರ ಆಗುತ್ತೆ" ಅಂದನಂತೆ. ಹಗುರವಾಗುವುದು ಅವನ ಕೆಲಸ, ನನ್ನ ಕೇಸಲ್ಲ. ನೀನು ಸಹಿ ಹಾಕಿದ ದಿನ ಈ ಮನೆಯಲ್ಲಿ ಇನ್ನೊಬ್ಬ ಜಾಮೀನುದಾರಳು ಹುಟ್ಟುತ್ತಾಳೆ. ನಾಳೆ ನಾನೇ ಇಲ್ಲದಿದ್ದರೂ, ನನ್ನಿಂದ ನಿನ್ನ ಪಾಲಿಗೆ ಬಂದ ಆಸ್ತಿಯ ಮಟ್ಟಿಗಷ್ಟೇ ಅವರು ಕೇಳಬಹುದು. ನಿನ್ನ ಸಂಬಳ, ನಿನ್ನ ಉಳಿತಾಯ ಅದರಾಚೆ. ಸಹಿ ಬೇಡ. "ತೋರಿಕೆಗೆ ಒಂದು ಸಾವಿರ ಹಾಕಿ" ಅಂದರೂ ಬೇಡ. ಹಣದ ಸಾಲಕ್ಕೆ ಸಾಮಾನ್ಯವಾಗಿ ದಾವೆಯ ಕಾಲಮಿತಿ ಮೂರು ವರ್ಷ. ವಾಯಿದೆಯೊಳಗೆ ಒಂದಿಷ್ಟು ಕಟ್ಟಿದರೆ, ಇಲ್ಲವೇ ಸಾಲ ಇದೆ ಅಂತ ಬರೆದುಕೊಟ್ಟರೆ ಗಡಿಯಾರ ಮತ್ತೆ ಮೊದಲಿನಿಂದ ಶುರು. ಕಟ್ಟುವುದಿದ್ದರೆ ಗೊತ್ತಿದ್ದು ಕಟ್ಟಬೇಕು.

ಅವನು ನನಗೆ ಪೊಲೀಸರ ಹೆದರಿಕೆಯನ್ನೂ ಹಾಕಿದ. ಪೊಲೀಸರಿಗೂ ಇದಕ್ಕೂ ಏನು ಸಂಬಂಧ? ಡಿಕ್ರಿಯೇ ಆದರೂ, ಕಟ್ಟಲು ಶಕ್ತಿಯಿಲ್ಲದವನನ್ನು ಬರೀ ಬಡತನಕ್ಕಾಗಿ ಸಿವಿಲ್ ಜೈಲಿಗೆ ಹಾಕಬಾರದು ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಬರೆದವರೂ ಕೃಷ್ಣ ಅಯ್ಯರ್ ಅವರೇ. ಹಣದ ಡಿಕ್ರಿಗಾಗಿ ಹೆಂಗಸರನ್ನಂತೂ ಬಂಧಿಸುವ ಹಾಗೇ ಇಲ್ಲ, ಅದೇ ಸಿವಿಲ್ ಸಂಹಿತೆಯ 56ನೇ ಕಲಂ.

ನಿನಗೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದನಲ್ಲ, ಅದು ಇನ್ನೊಂದು ತಪ್ಪು. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಕಟ್ಟುನಿಟ್ಟಾಗಿ ಹೇಳಿದೆ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯ ಫೋನು ಕೂಡದು, ಮನೆಯವರನ್ನು, ಗೆಳೆಯರನ್ನು ಕಾಡಿ ಮಾನ ಕಳೆಯುವುದೂ ಕೂಡದು. ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೋ. ನಾನು ಬ್ಯಾಂಕಿಗೆ ಲಿಖಿತ ದೂರು ಕೊಡುತ್ತೇನೆ. 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಶುಲ್ಕವಿಲ್ಲ.

ಅಳಿಯಂದಿರ ಸಂಬಳದ ಬಗ್ಗೆಯೂ ಹೆದರಿದ್ದೆ ನೀನು. ಅವರಿಗಂತೂ ಇದು ತಟ್ಟುವುದೇ ಇಲ್ಲ. ಆದರೂ ತಿಳಿದಿರಲಿ, ಸಾಲ ಮಾಡಿದವನದೇ ಸಂಬಳವಾದರೂ ಪೂರ್ತಿ ಹಿಡಿಯುವಂತಿಲ್ಲ. ಮೊದಲ 1,000 ರೂಪಾಯಿ, ಮಿಕ್ಕಿದ್ದರಲ್ಲಿ ಮೂರನೇ ಎರಡು ಭಾಗ ಅವನಿಗೇ. 40,000 ಸಂಬಳವಾದರೆ 27,000 ಉಳಿಯುತ್ತದೆ, 13,000 ಹಿಡಿಯಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಅದೂ ನಿಲ್ಲಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ಈ ಉದಾರತೆಯಿಲ್ಲ. ಅಲ್ಲಿ ಅವನಿಗೆ ಉಳಿಯುವುದು ಮೂರನೇ ಒಂದು ಭಾಗ. ಅದು ಸರಿಯೇ ಅನ್ನಿಸಿತು ನನಗೆ. ಇನ್ನೊಂದು, ಅಳಿಯಂದಿರು ಮನೆ ಸಾಲದ ಜೊತೆಗೆ ಟರ್ಮ್ ಜೀವವಿಮೆ ಪಾಲಿಸಿ ಮಾಡಿಸುತ್ತಾರಂತಲ್ಲ, ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಮಾಡಿಸಲಿ. ಪಾಲಿಸಿ ತೆಗೆದುಕೊಳ್ಳುವಾಗಲೇ ಆ ಫಾರಂ ತುಂಬಬೇಕು, ಆಮೇಲೆ ಆಗುವುದಿಲ್ಲ. ಆಗ ಆ ಹಣ ನಿನಗೂ ಮಗುವಿಗೂ ಮೀಸಲು, ಅವರಿಗೆ ಸಾಲ ಕೊಟ್ಟವರು ಕೇಳುವಂತಿಲ್ಲ.

ಹಾಗಾದರೆ ಅಪ್ಪ ಸಾಲ ಮುಳುಗಿಸುತ್ತಾನಾ ಅಂತ ನೀನು ಕೇಳುವೆ. ಇಲ್ಲ ಪುಟ್ಟಿ. ಸಹಿ ನನ್ನದು. ಮನೆ ನನ್ನ ಹೆಸರಿನಲ್ಲಿದೆ, ಆ 60ನೇ ಕಲಂ ನಮ್ಮಂಥವರ ಮನೆಗೆ ರಕ್ಷಣೆ ಕೊಡುವುದಿಲ್ಲ, ಅದೂ ನನಗೆ ಗೊತ್ತು. ಮೇಷ್ಟ್ರ ಮಗನ ಜೊತೆ ಮಾತಾಡಿದ್ದೇನೆ, ಅರ್ಧ ತಾನು ಕಟ್ಟುತ್ತೇನೆ ಅಂದಿದ್ದಾನೆ. ಬಡ್ಡಿ ಬಿಟ್ಟು ಅಸಲಿಗೆ ತೀರುವಳಿ ಮಾಡಿಕೊಳ್ಳಿ ಅಂತ ಬ್ಯಾಂಕಿಗೆ ಪತ್ರ ಕೊಟ್ಟಿದ್ದೇವೆ. ಬರುವ ಲೋಕ ಅದಾಲತ್‌ಗೆ ಹಾಕಿಸುವ ಪ್ರಯತ್ನವೂ ನಡೆದಿದೆ. ನನ್ನ ಪಾಲು ಟ್ಯೂಷನ್, ಬಾಡಿಗೆಯಿಂದ ತಿಂಗಳಿಗೆ 6,000ದಂತೆ ಹೋಗುತ್ತದೆ. ಪಿಂಚಣಿ ನಮ್ಮಿಬ್ಬರ ಊಟಕ್ಕೆ, ಮಾತ್ರೆಗೆ.

ಭಾನುವಾರ ಬಾ. ಬರುವಾಗ ಆ ಸ್ಕ್ರೀನ್‌ಶಾಟುಗಳ ಪ್ರಿಂಟ್ ತೆಗೆಸಿಕೊಂಡು ಬಾ, ಇಲ್ಲಿನ ಅಂಗಡಿಯವನಿಗೆ ತೋರಿಸಲು ನನಗೆ ಮುಜುಗರ. ಅಷ್ಟರೊಳಗೆ ಅಮ್ಮನಿಗೆ ನಾನೇ ಎಲ್ಲ ಹೇಳಿರುತ್ತೇನೆ. ಅವಳು ಸಿಟ್ಟಿನಲ್ಲಿದ್ದರೆ ನೀನು ನನ್ನ ಪರ ಮಾತಾಡಬೇಡ.

ಅಪ್ಪ