ಕಂಪನಿ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ಬೇಡ
ಗೆಳೆಯರೇ, ಕಂಪನಿ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ವೆಬ್ ಲಾಗಿನ್ ಆಗಿದ್ದರೆ ಇವತ್ತೇ ತೆಗೆಯಿರಿ: ಫೋನಿನ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಆ ಕಂಪ್ಯೂಟರ್ ಹೆಸರು ಒತ್ತಿ, ಲಾಗ್ ಔಟ್ ಮಾಡಿ. ವಾಟ್ಸಾಪ್‌ನ ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದಲಾಗದಂತೆ ಮಾಡುವ ಗುಪ್ತ ಲಿಪಿ, ಮೆಸೇಜನ್ನು ಕಾಯುವುದು ದಾರಿಯಲ್ಲಿ ಮಾತ್ರ. ಪರದೆಗೆ ಬಂದ ಮೆಸೇಜನ್ನು ಕಂಪನಿಯ ನಿಗಾ ಸಾಫ್ಟ್‌ವೇರ್ ಸ್ಕ್ರೀನ್‌ಶಾಟ್ ತೆಗೆದರೆ ಅದು ಕಂಪನಿಯ ಕೈಸೇರಿದಂತೆಯೇ. ಆಫೀಸ್ ಚಾಟ್ ಆ್ಯಪ್ ಆದ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ನೀವು ಅಳಿಸಿದ ಚಾಟ್ ಕೂಡ, ಕಂಪನಿ ಉಳಿಸಿಡುವ ನಿಯಮ ಹಾಕಿದ್ದರೆ, ಹುಡುಕಿದಾಗ ಸಿಗುತ್ತದೆ.

ಸ್ವಂತ ಆಂಡ್ರಾಯ್ಡ್ ಫೋನಿಗೆ ಆಫೀಸ್ ಮೇಲ್ ಹಾಕಿಸಿಕೊಳ್ಳುವವರು ವರ್ಕ್ ಪ್ರೊಫೈಲನ್ನೇ (ಫೋನಿನಲ್ಲಿ ಆಫೀಸ್ ಆ್ಯಪ್‌ಗಳನ್ನು ಬೇರೆಯಾಗಿಡುವ ಭಾಗ) ಕೇಳಿ. ಬ್ರೀಫ್‌ಕೇಸ್ ಗುರುತಿರುವ ಆ್ಯಪ್‌ಗಳಷ್ಟೇ ಕಂಪನಿಯ ಹಿಡಿತದಲ್ಲಿರುತ್ತವೆ. ನಿಮ್ಮ ಫೋಟೊ, ಮೆಸೇಜು ಅವರಿಗೆ ಕಾಣುವುದಿಲ್ಲ.

ಕಾನೂನನ್ನೇ ನಂಬಿ ಕೂರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ, ಉದ್ಯೋಗದ ಉದ್ದೇಶಕ್ಕೆ ನೌಕರರ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ. ಇದು ಸರಿಯಲ್ಲ ಎಂದೇ ನಮ್ಮ ನಿಲುವು. ಸಂಬಳ, ಆರೋಗ್ಯ, ಯೂನಿಯನ್ ಮಾತೆಲ್ಲ ಸ್ವಂತ ಫೋನು, ಸ್ವಂತ ಮೊಬೈಲ್ ಡೇಟಾದಲ್ಲೇ ಇರಲಿ.