ಬಿಪಿ ಮಾತ್ರೆಗೆ ಹೊಂದದ ಔಷಧವನ್ನು ಎಚ್ಚರಿಸದೆ ಕಳುಹಿಸಿದ್ದರ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ತಾಯಿಯವರು ರಕ್ತದೊತ್ತಡಕ್ಕೆ ದಿನಕ್ಕೊಂದು ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರತಿ ತಿಂಗಳೂ ಅದು ನಿಮ್ಮ ಆ್ಯಪ್ ಮೂಲಕವೇ ಬರುತ್ತದೆ. ಮಾತ್ರೆ ಮುಗಿಯುವ ಮೊದಲೇ ‘ಮತ್ತೆ ತರಿಸಿಕೊಳ್ಳಿ’ ಎಂದು ಸಂದೇಶ ಕಳುಹಿಸಲು ನೀವು ಎಂದೂ ಮರೆತಿಲ್ಲ. ಅವರು ಯಾವ ಔಷಧ ಸೇವಿಸುತ್ತಿದ್ದಾರೆಂಬುದು ನಿಮಗೆ ಚೆನ್ನಾಗಿಯೇ ಗೊತ್ತಿತ್ತು.

ಅದೇ ಖಾತೆಯಿಂದ ಮಂಡಿನೋವಿಗೆಂದು ಐಬುಪ್ರೊಫೆನ್ ತರಿಸಿದಾಗ ಮಾತ್ರ ಒಂದು ಸಾಲಿನ ಎಚ್ಚರಿಕೆಯೂ ಬರಲಿಲ್ಲ. ಅದು ಸಾಲದೆಂಬಂತೆ, ಹಣ ಪಾವತಿಸುವ ಪುಟದಲ್ಲಿ ‘ಬಿಪಿ ಇರುವವರಿಗಾಗಿ’ ಎಂಬ ಹಸಿರು ಪಟ್ಟಿಯ ಕೆಳಗೆ ಕಡಿಮೆ ಸೋಡಿಯಂನ ಉಪ್ಪನ್ನು ತೋರಿಸಿದಿರಿ. ತಾಯಿಯವರು ನಂಬಿ ಅದನ್ನೂ ತರಿಸಿದರು. ಆ ಡಬ್ಬಿಯ ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಎಂದಿದೆ.

ಆ ಉಪ್ಪು ಎಲ್ಲರಿಗೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಟೆಲ್ಮಿಸಾರ್ಟಾನ್ ದೇಹದಿಂದ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ. ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡಬಲ್ಲದು, ಬಿಪಿ ಮಾತ್ರೆಯ ಪರಿಣಾಮವನ್ನೂ ಕುಗ್ಗಿಸಬಲ್ಲದು. ಇವೆರಡರ ಜೊತೆಗೆ ಪೊಟ್ಯಾಸಿಯಂ ಉಪ್ಪು! ಔಷಧ ಮಾರುವವರಿಗೆ ಇದು ಹೊಸ ವಿಷಯವೇ?

ತಾಯಿಯವರ ಕಾಲು ಊದಿತು, ಬಿಪಿ ಏರಿತು, ಎದ್ದು ನಿಲ್ಲಲಾಗದಷ್ಟು ನಿಶ್ಶಕ್ತಿ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 6.1 ಬಂತು. ಅದು ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರಬೇಕು. ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ಕೂಡ ಹೆಚ್ಚಿತ್ತು. ಆಸ್ಪತ್ರೆಗೆ ಸೇರಿಸಬೇಕಾಯಿತು. ವೈದ್ಯರು ಮೊದಲು ನಿಲ್ಲಿಸಿದ್ದೇ ನೋವಿನ ಮಾತ್ರೆಯನ್ನೂ ಆ ಉಪ್ಪನ್ನೂ. ಈಗ ಚೇತರಿಸಿಕೊಳ್ಳುತ್ತಿದ್ದಾರೆ.

ನಿಮ್ಮ ಸಹಾಯವಾಣಿಯವರು ‘ವೈದ್ಯರ ಸಲಹೆ ಪಡೆಯಿರಿ ಎಂದು ನಿಯಮಗಳಲ್ಲೇ ಬರೆದಿದ್ದೇವೆ’ ಎಂದು ಹೇಳಿ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕಳುಹಿಸಿದ್ದಾರೆ. ಅದು ನನಗೆ ಬೇಡ. ಮಾತ್ರೆ ಮುಗಿಯುವ ದಿನವನ್ನು ಲೆಕ್ಕ ಹಾಕಬಲ್ಲ ವ್ಯವಸ್ಥೆಗೆ ಎರಡು ಔಷಧಗಳ ಹೆಸರನ್ನು ತಾಳೆ ನೋಡುವುದು ಕಷ್ಟವೇನಲ್ಲ. ಒಂದೇ ಖಾತೆಯ ಔಷಧಗಳನ್ನು ಕಳುಹಿಸುವ ಮುನ್ನ ತಾಳೆ ನೋಡಬೇಕು. ಅಪಾಯ ಕಂಡರೆ ಫಾರ್ಮಸಿಸ್ಟ್ ಫೋನ್ ಮಾಡಿ ತಿಳಿಸಬೇಕು. ಟೆಲ್ಮಿಸಾರ್ಟಾನ್ ಅಥವಾ ಅದರಂತೆಯೇ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುವ ಲೊಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಕೊಳ್ಳುವವರಿಗೆ ಆ ಉಪ್ಪನ್ನು ಶಿಫಾರಸು ಮಾಡುವುದನ್ನು ಇಂದೇ ನಿಲ್ಲಿಸಬೇಕು.

ನಮ್ಮ ಆರ್ಡರ್ ಅನ್ನು ಫಾರ್ಮಸಿಸ್ಟ್ ಒಬ್ಬರು ನಿಜಕ್ಕೂ ಪರಿಶೀಲಿಸಿದ್ದರೇ ಎಂಬುದಕ್ಕೆ ಲಿಖಿತ ಉತ್ತರ ಕೊಡಿ. ಬಿಲ್ ಮತ್ತು ರಕ್ತಪರೀಕ್ಷಾ ವರದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕರೊಬ್ಬರ ಮಗಳು